ಕಾಯಿಹಾಲಿನ ಮಸಾಲೆ ಚಾ: ಎಣ್ಣೆ ತೇಲದಂತೆ ಮಾಡುವುದು ಹೇಗೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮ ಮನೆಯವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಡಾಕ್ಟರು ಹಾಲು ಬಿಡಿ ಅಂದಿದ್ದಾರೆ. ಆದರೆ ಬೆಳಿಗ್ಗೆ ಶುಂಠಿ, ಏಲಕ್ಕಿ ಹಾಕಿದ ಚಾ ಇಲ್ಲದಿದ್ದರೆ ಅವರಿಗೆ ದಿನವೇ ಶುರುವಾಗುವುದಿಲ್ಲ. ಸೋಯಾ ಹಾಲು ತಂದು ನೋಡಿದೆ, ಒಡೆದುಹೋಯಿತು. ಕಾಯಿಹಾಲು ಹಾಕಿ ಕುದಿಸಿದರೆ ಮೇಲೆ ಎಣ್ಣೆ ತೇಲುತ್ತದೆ, ಕುಡಿದರೆ ಒಗರು. ಏನು ಮಾಡಲಿ?
– ಒಬ್ಬರು ಓದುಗರು, ಬಿಜೈ, ಮಂಗಳೂರು

ಉತ್ತರ: ಕಾಯಿಹಾಲಿನಲ್ಲಿ ತಪ್ಪೇನೂ ಇಲ್ಲ. ದನದ ಹಾಲಿನ ಚಾ ಮಾಡುವ ಕ್ರಮದಲ್ಲೇ ಅದನ್ನೂ ಕುದಿಸಿದ್ದೀರಿ, ಅಷ್ಟೇ.

ಹೆಸರುಬೇಳೆ ಪಾಯಸ ಮಾಡುವಾಗ ನೀವೇ ಏನು ಮಾಡುತ್ತೀರಿ ನೆನಪು ಮಾಡಿಕೊಳ್ಳಿ. ಬೇಳೆ ಬೇಯುವಾಗ ಎರಡನೇ ಸಲ ಹಿಂಡಿದ ನೀರುಹಾಲು. ಬೆಲ್ಲ ಕರಗಿ ಕುದಿ ಬಂದ ಮೇಲೆ, ಇನ್ನೇನು ಒಲೆ ಆರಿಸಬೇಕು ಅನ್ನುವಾಗ ದಪ್ಪ ಹಾಲು. ಅದನ್ನು ಹಾಕಿದ ಮೇಲೂ ಕುದಿಸುತ್ತಾ ನಿಂತರೆ ಹಿರಿಯರು ಸುಮ್ನೆ ಬಿಡುತ್ತಿರಲಿಲ್ಲ, ಅಲ್ವಾ? ಚಾಕ್ಕೂ ಅದೇ ಕಟ್ಟಳೆ. ಕಾಯಿಹಾಲಿನಲ್ಲಿ ಎಣ್ಣೆ ಸಣ್ಣ ಸಣ್ಣ ಹನಿಯಾಗಿ ನೀರಿನ ನಡುವೆ ನಿಂತಿರುತ್ತದೆ. ಹನಿಗಳು ಒಂದಕ್ಕೊಂದು ಕೂಡದಂತೆ ತಡೆಯುವುದು ಅದರಲ್ಲೇ ಇರುವ ಪ್ರೋಟೀನು. ಜೋರಾಗಿ ಕುದಿಸಿದರೆ ಆ ಪ್ರೋಟೀನು ಹೆಪ್ಪುಗಟ್ಟಿ ಕೈಬಿಡುತ್ತದೆ. ಎಣ್ಣೆ ಮೇಲೆ ಬರುತ್ತದೆ. ಕುಡಿದರೆ ಏನೂ ಆಗುವುದಿಲ್ಲ, ಆದರೆ ಎಣ್ಣೆ ತೇಲುವ ಚಾ ಯಾರಿಗೆ ಬೇಕು?

ಒಗರಿನ ಕಥೆ ಬೇರೆ. ದನದ ಹಾಲಿನಲ್ಲಿ ಕೇಸಿನ್ ಅನ್ನುವ ಪ್ರೋಟೀನು ಉಂಟು. ಅದು ಚಾಪುಡಿಯ ಒಗರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿಯೇ ಹೋಟೆಲಿನವರು ಪುಡಿಯನ್ನು ಹತ್ತು ನಿಮಿಷ ಕುದಿಸಿದರೂ ನಡೆಯುತ್ತದೆ. ಕಾಯಿಹಾಲಿನಲ್ಲಿ ಕೇಸಿನ್ ಇಲ್ಲ. ಪುಡಿ ಜಾಸ್ತಿ ಕುದಿದರೆ ಒಗರು ನೇರ ನಾಲಿಗೆಗೆ. ಆದ್ದರಿಂದ ಮಸಾಲೆಯನ್ನು ತುಂಬಾ ಹೊತ್ತು ಕುದಿಸಿ, ಪುಡಿಯನ್ನು ಸ್ವಲ್ಪವೇ ಕುದಿಸಿ, ದಪ್ಪ ಹಾಲನ್ನು ಕುದಿಸಲೇಬೇಡಿ.

ಇಬ್ಬರಿಗೆ ನಾನು ಮಾಡುವುದು ಹೀಗೆ. ಅರ್ಧ ಕಡಿ ಕಾಯಿ ಹೆರೆದು ಅರ್ಧ ಲೋಟ ಬಿಸಿನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಅದು ದಪ್ಪ ಹಾಲು. ಅದೇ ಚರಟಕ್ಕೆ ಇನ್ನೊಂದು ಲೋಟ ನೀರು ಹಾಕಿ ಮತ್ತೆ ಹಿಂಡಿದರೆ ನೀರುಹಾಲು. ಈ ನೀರುಹಾಲಿನಲ್ಲಿ ಎಣ್ಣೆ ಕಡಿಮೆ, ಕುದಿ ತಡೆಯುತ್ತದೆ. ಅದಕ್ಕೆ ಅರ್ಧ ಲೋಟ ನೀರು ಸೇರಿಸಿ ಒಲೆಗಿಡಿ. ಹೆಬ್ಬೆರಳಿನ ತುದಿಯಷ್ಟು ಶುಂಠಿ ಜಜ್ಜಿ ಹಾಕಿ. ನಾಲ್ಕು ಕಾಳು ಒಳ್ಳೆಮೆಣಸು, ಕಿರುಬೆರಳಿನುದ್ದದ ಚಕ್ಕೆ, ಎರಡು ಏಲಕ್ಕಿಯ ಸಿಪ್ಪೆ. ಏಲಕ್ಕಿ ಕಾಳನ್ನು ಕುಟ್ಟಿ ಪಕ್ಕಕ್ಕಿಡಿ, ಮೊದಲೇ ಹಾಕಿದರೆ ಪರಿಮಳವೆಲ್ಲ ಹಬೆಯಲ್ಲಿ ಹೋಗುತ್ತದೆ. ಲವಂಗ ಒಂದು ಸಾಕು. ಎರಡು ಹಾಕಿದರೆ ಹಲ್ಲುನೋವಿನ ಮದ್ದು ಕುಡಿದ ಹಾಗೆ. ಚಕ್ಕೆಯ ಪುಡಿ ಮಾತ್ರ ಬೇಡ, ಬಿಸಿನೀರಿನಲ್ಲಿ ಲೋಳೆ ಬಿಡುತ್ತದೆ.

ಸಣ್ಣ ಉರಿಯಲ್ಲಿ ಆರೇಳು ನಿಮಿಷ ಕುದಿಯಲಿ. ಬೆಲ್ಲ ಈಗಲೇ ಹಾಕಿ. ದನದ ಹಾಲಿಗೆ ಬೆಲ್ಲ ಹಾಕಿ ಕುದಿಸಿದರೆ ಎಷ್ಟೋ ಸಲ ಒಡೆಯುತ್ತದೆ, ಬೆಲ್ಲದಲ್ಲಿ ತುಸು ಹುಳಿ ಇರುತ್ತದೆ. ಕಾಯಿಹಾಲಿಗೆ ಆ ಹೆದರಿಕೆ ಇಲ್ಲ. ಅದು ಬೆಲ್ಲಕ್ಕೆಂದೇ ಹುಟ್ಟಿದ್ದು ಅಂತ ನನ್ನ ಅಭಿಪ್ರಾಯ. ಸಕ್ಕರೆ ಹಾಕಿದ ಕಾಯಿಹಾಲಿನ ಚಾ ನನಗೆ ಸಪ್ಪೆ ಅನಿಸುತ್ತದೆ.

ಕೊನೆಗೆ ಎರಡು ಚಿಕ್ಕ ಚಮಚ ಚಾಪುಡಿ. ಸಿಟಿಸಿ, ಅಂದರೆ ಸಣ್ಣ ಹರಳಿನಂಥ ಪುಡಿಯೇ ಇರಲಿ, ಎಲೆ ಚಾ ಇಷ್ಟು ಮಸಾಲೆಯ ಎದುರು ನಿಲ್ಲುವುದಿಲ್ಲ. ಒಂದು ನಿಮಿಷ ಕುದಿದರೆ ಸಾಕು. ಒಲೆ ಆರಿಸಿ ಕುಟ್ಟಿದ ಏಲಕ್ಕಿ ಹಾಕಿ, ಎರಡು ನಿಮಿಷ ಮುಚ್ಚಿಡಿ. ಅಷ್ಟರಲ್ಲಿ ದಪ್ಪ ಹಾಲನ್ನು ಬೇರೆ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ. ಹಬೆ ಕಂಡ ಕೂಡಲೇ ಇಳಿಸಿ. ಈಗ ಚಾ ಸೋಸುತ್ತಾ ಹಾಲಿಗೆ ಹೊಯ್ಯಿರಿ. ಚಾಕ್ಕೆ ಹಾಲಲ್ಲ, ಹಾಲಿಗೆ ಚಾ. ಚಿಟಿಕೆ ಉಪ್ಪು ಹಾಕಿದರೆ ಉಳಿದ ಕಹಿಯೂ ತಗ್ಗುತ್ತದೆ. ಉಪ್ಪು ಅಂದ ಕೂಡಲೇ ಮೂಗು ಮುರಿಯಬೇಡಿ, ಪಾಯಸಕ್ಕೂ ಹಾಕುತ್ತೀರಲ್ಲ.

ಇನ್ನೂ ಗಟ್ಟಿ ಬೇಕು ಅನ್ನುವವರು ಎಂಟು ಹತ್ತು ಗೇರುಬೀಜ ನೆನೆಸಿ, ನುಣ್ಣಗೆ ಅರೆದು ದಪ್ಪ ಹಾಲಿಗೆ ಬೆರೆಸಿ. ಎಣ್ಣೆಯೂ ಬೇಗ ಬೇರೆಯಾಗುವುದಿಲ್ಲ. ಇಡೀ ಬೀಜ ಬೇಕಾಗಿಲ್ಲ, ತುಂಡು ಗೇರುಬೀಜ ಅಗ್ಗಕ್ಕೆ ಸಿಗುತ್ತದೆ, ಹೇಗೂ ಅರೆಯುವುದೇ ತಾನೆ. ಬಾದಾಮಿ ಹಾಲು ಮಾತ್ರ ಚಾಕ್ಕೆ ದುಡ್ಡು ದಂಡ. ನೀರುನೀರು, ಬಣ್ಣವೂ ಬರುವುದಿಲ್ಲ.

ದಿನಾ ಬೆಳಿಗ್ಗೆ ಕಾಯಿ ಹೆರೆಯಲು ಪುರುಸೊತ್ತು ಇಲ್ಲದಿದ್ದರೆ, ಒಂದೇ ಸಲ ದಪ್ಪ ಹಾಲು ಹಿಂಡಿ ಐಸ್ ಟ್ರೇಯಲ್ಲಿ ಫ್ರೀಜರಿಗೆ ಹಾಕಿ. ಬೇಕಾದಾಗ ಎರಡು ಮೂರು ತುಂಡು ತೆಗೆದು ಬೆಚ್ಚಗೆ ಮಾಡಿದರಾಯಿತು. ಹೊರಗೆ ಇಟ್ಟರೆ ನಮ್ಮ ಸೆಕೆಗೆ ಸಂಜೆಯೊಳಗೆ ಹುಳಿಯಾಗುತ್ತದೆ. ಅಂಗಡಿಯ ಪ್ಯಾಕೆಟ್ಟಿನ ಕಾಯಿಹಾಲಿನಲ್ಲಿ ಸಾಮಾನ್ಯವಾಗಿ ಅಂಟು ಬೆರೆಸಿರುತ್ತಾರೆ, ಅದು ಅಷ್ಟು ಸುಲಭಕ್ಕೆ ಬೇರೆಯಾಗುವುದಿಲ್ಲ. ಆದರೆ ದಪ್ಪ ಜಾಸ್ತಿ. ನೀರು ಬೆರೆಸಿಯೇ ಹಾಕಿ.

ಸೋಯಾ ಹಾಲು ಒಡೆದದ್ದಕ್ಕೆ ಕಾರಣ ಚಾದ ಹುಳಿ ಮತ್ತು ಬಿಸಿ, ಎರಡೂ ಒಟ್ಟಿಗೆ. ಫ್ರಿಜ್ಜಿನಿಂದ ತೆಗೆದದ್ದನ್ನು ಕುದಿಯುವ ಚಾಕ್ಕೆ ಸುರಿಯಬೇಡಿ. ಹಾಲು ಬೆಚ್ಚಗಿರಲಿ, ಚಾ ಎರಡು ನಿಮಿಷ ಆರಲಿ. ಇದಕ್ಕೆ ಬೆಲ್ಲ ಬೇಡ, ಸಕ್ಕರೆಯೇ ಸರಿ.

ಒಂದು ಮಾತು ಡಾಕ್ಟರ ಹತ್ತಿರ ಕೇಳಿಕೊಳ್ಳಿ: ನಿಮ್ಮವರಿಗೆ ಆಗದ್ದು ಹಾಲಿನ ಸಕ್ಕರೆಯೋ, ಹಾಲಿನ ಪ್ರೋಟೀನೋ? ಸಕ್ಕರೆ, ಅಂದರೆ ಲ್ಯಾಕ್ಟೋಸ್ ಮಾತ್ರ ಆಗದಿದ್ದರೆ ಲ್ಯಾಕ್ಟೋಸ್ ತೆಗೆದ ಹಾಲು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಮಜ್ಜಿಗೆಯೂ ಹಲವರಿಗೆ ಒಗ್ಗುತ್ತದೆ. ಪ್ರೋಟೀನಿನ ಅಲರ್ಜಿಯಾದರೆ ಆ ಹಾಲೂ ಬೇಡ, ಮಜ್ಜಿಗೆಯೂ ಬೇಡ. ಮತ್ತೆ, ಕಾಯಿಹಾಲಿನಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ಅದು ರಾಗಿ, ಎಳ್ಳಿನಿಂದ ಬರಬೇಕು. ಮೀನು ತಿನ್ನುವವರಾದರೆ ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಒಳ್ಳೆಯದು.

ಪ್ರಶ್ನೆ: ಓಟ್ಸ್ ಹಾಲು ಮನೆಯಲ್ಲೇ ಮಾಡಿ ಚಾಕ್ಕೆ ಹಾಕಿದೆ. ಗಂಜಿಯಂತೆ ಲೋಳೆಯಾಯಿತು. ಸರಿಮಾಡಲು ಆಗುತ್ತದೆಯೇ?
– ಒಬ್ಬರು ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಅದು ಗಂಜಿಯೇ ಮಗಾ! ಓಟ್ಸಿನ ಪಿಷ್ಟಕ್ಕೆ ಬಿಸಿ ತಾಗಿದರೆ ದಪ್ಪವಾಗುವುದು ಅದರ ಗುಣ. ತಣ್ಣೀರಿನಲ್ಲಿ ಅರ್ಧ ನಿಮಿಷ ಮಾತ್ರ ಮಿಕ್ಸಿ ತಿರುಗಿಸಿ, ಹಿಂಡದೆ ಸೋಸಿ. ಹಿಂಡಿದರೆ ಲೋಳೆ ಬರುತ್ತದೆ. ಆಮೇಲೂ ಬಿಸಿ ಮಾಡಬಾರದು. ಹಾಗಾಗಿ ಮನೆಯ ಓಟ್ಸ್ ಹಾಲು ಚಾಕ್ಕೆ ಹೊಂದುವುದಿಲ್ಲ ಅಂತಲೇ ನಾನು ಹೇಳುವುದು. ಹಾಸ್ಟೆಲಿನಲ್ಲಿ ಕಾಯಿ ಹೆರೆಯಲು ಆಗದಿದ್ದರೆ ಹಾಲಿನ ಹಂಗೇ ಬಿಡಿ. ಶುಂಠಿ, ಒಳ್ಳೆಮೆಣಸು, ಒಂದೆರಡು ಎಸಳು ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಕುದಿಸಿ, ಚಾಪುಡಿ ಹಾಕಿ ಸೋಸಿ, ಬೆಲ್ಲ ಬೆರೆಸಿ. ಲಿಂಬೆ ಹಿಂಡುವುದಾದರೆ ಲೋಟಕ್ಕೆ ಹೊಯ್ದ ಮೇಲೆ.

ಪ್ರಶ್ನೆ: ಆಫೀಸಿನಲ್ಲಿ ಹಾಲಿನ ಬದಲು ಬಿಳಿ ಪುಡಿ ಇಟ್ಟಿರುತ್ತಾರೆ. ಹಾಲು ಆಗದವರು ಅದನ್ನು ಹಾಕಿಕೊಳ್ಳಬಹುದೇ?
– ಒಬ್ಬರು ಓದುಗರು, ಬ್ರಹ್ಮಗಿರಿ, ಉಡುಪಿ

ಉತ್ತರ: ಡಬ್ಬದ ಹಿಂಬದಿ ಓದಿ. ಡೇರಿ ವೈಟ್ನರ್ ಅಂತ ಇದ್ದರೆ ಅದು ಹಾಲಿನ ಪುಡಿಯೇ. ನಾನ್ ಡೇರಿ ಅಂತ ದೊಡ್ಡದಾಗಿ ಬರೆದ ಪುಡಿಯಲ್ಲೂ ಎಷ್ಟೋ ಸಲ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಾಲಿನಿಂದಲೇ ತೆಗೆದ ಪ್ರೋಟೀನು. ಲ್ಯಾಕ್ಟೋಸ್ ತೊಂದರೆ ಇರುವವರಿಗೆ ಅದು ಬಹುಶಃ ತೊಂದರೆ ಮಾಡದು. ಅಲರ್ಜಿ ಇರುವವರು ಮುಟ್ಟಬೇಡಿ, ಕಪ್ಪು ಚಾ ಕೇಳಿ.