ಮನೆಯ ಗೋಡೆ ಒಡೆದು ಮಾಡಿದ ಚರ್ಚ್

ಪ್ರಶ್ನೆ: ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಒಪ್ಪಿಕೊಂಡ ಮೇಲೆಯೇ ಕ್ರೈಸ್ತ ಧರ್ಮ ಬೆಳೆಯಿತು ಅಂತ ಓದಿದ್ದೇನೆ. ಅದಕ್ಕೂ ಮುಂಚೆ ಅವರು ಎಲ್ಲಿ ಸೇರುತ್ತಿದ್ದರು? ಕದ್ದುಮುಚ್ಚಿ ಸುರಂಗದಲ್ಲಾ?
– ಓದುಗರು, ದಾವಣಗೆರೆ

ಉತ್ತರ: ಸುರಂಗದ ಕಥೆ ಸಿನಿಮಾದವರಿಗೆ ಇಷ್ಟ. ರೋಮ್‌ನಲ್ಲಿರುವ ಆ ಸುರಂಗಗಳು ಹೆಣ ಹೂಳುವ ಜಾಗ. ವಾರವಾರ ಸೇರುತ್ತಿದ್ದದ್ದು ಮನೆಗಳಲ್ಲಿ. ಮೊದಮೊದಲ ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿಯ ಮಾತು ಬರುತ್ತದೆ. ಪೌಲನ ಹಾಗೆ ಅವರದ್ದೂ ಗುಡಾರ ಮಾಡುವ ಕಸುಬು. ಅವರ ಮನೆಯಲ್ಲೇ ಸಭೆ ಸೇರುತ್ತಿತ್ತು.

ಅಂಥ ಒಂದು ಮನೆ ಸಿರಿಯಾದಲ್ಲಿ, ಯೂಫ್ರೆಟಿಸ್ ನದಿ ದಂಡೆಯ ದುರಾ ಯುರೋಪಸ್ ಊರಿನಲ್ಲಿ ಸಿಕ್ಕಿದೆ. ನಡುವೆ ಅಂಗಳ, ಸುತ್ತ ಕೋಣೆಗಳು. ಹೊರಗಿನಿಂದ ನೋಡಿದರೆ ಮಾಮೂಲಿ ಮನೆ. ಸುಮಾರು ಕ್ರಿ.ಶ. 240ರ ಹೊತ್ತಿಗೆ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದೇ ಹಾಲ್ ಮಾಡಿಕೊಂಡಿದ್ದಾರೆ. ಇನ್ನೊಂದು ಚಿಕ್ಕ ಕೋಣೆಯಲ್ಲಿ ದೀಕ್ಷಾಸ್ನಾನದ, ಅಂದರೆ ಧರ್ಮಕ್ಕೆ ಸೇರುವಾಗ ಮಾಡಿಸುವ ಸ್ನಾನದ ತೊಟ್ಟಿ. ಅದರ ಮೇಲೆ ಕುರಿ ಹೊತ್ತ ಕುರುಬನ ಚಿತ್ರ. ಪಕ್ಕದ ಗೋಡೆಯಲ್ಲಿ ಯೇಸು ನೀರ ಮೇಲೆ ನಡೆಯುವ ಚಿತ್ರ. 256ರ ಸುಮಾರಿಗೆ ಪರ್ಷಿಯನ್ನರ ದಾಳಿಗೆ ಹೆದರಿ ಕೋಟೆಗೋಡೆ ಗಟ್ಟಿ ಮಾಡಲು ಗೋಡೆಯ ಪಕ್ಕದ ಮನೆಗಳಿಗೆಲ್ಲ ಮಣ್ಣು ತುಂಬಿಸಿದರು. ಊರು ಉಳಿಯಲಿಲ್ಲ, ಚಿತ್ರಗಳು ಉಳಿದವು! 1930ರ ದಶಕದಲ್ಲಿ ಅಗೆದಾಗ ಹೊರಗೆ ಬಂದವು. ಅದೇ ಕೋಟೆಗೋಡೆಯ ಪಕ್ಕ ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್ ಕೂಡ ಇತ್ತು.

ಇದೆಲ್ಲ ಗುಟ್ಟಾಗಿಯೇನೂ ಇರಲಿಲ್ಲ. ಸುಮಾರು 112ರಲ್ಲಿ, ಈಗಿನ ಟರ್ಕಿಯ ಉತ್ತರ ಭಾಗದಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿಯಿದ್ದ. ಈ ಕ್ರೈಸ್ತರನ್ನು ಏನು ಮಾಡಲಿ ಅಂತ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಇವರು ನಸುಕಿನಲ್ಲೇ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ದೇವಸ್ಥಾನಗಳು ಹೆಚ್ಚುಕಡಿಮೆ ಖಾಲಿ ಬಿದ್ದಿದ್ದವು, ಬಲಿಮಾಂಸ ಕೊಳ್ಳುವವರು ತೀರಾ ಅಪರೂಪವಾಗಿದ್ದರು ಅನ್ನುತ್ತಾನೆ. ಅವನು ಹಿಂಸೆ ಕೊಟ್ಟು ವಿಚಾರಿಸಿದ್ದು ಇಬ್ಬರು ದಾಸಿಯರನ್ನು. ಸಭೆಯಲ್ಲಿ ಸೇವೆಯ ಹೊಣೆ ಹೊತ್ತವರು ಅವರೇ! ನೀವಾಗಿ ಹುಡುಕಿಕೊಂಡು ಹೋಗಬೇಡಿ, ಹೆಸರಿಲ್ಲದ ದೂರುಗಳನ್ನು ತಗೋಬೇಡಿ ಅಂತ ಟ್ರಾಜನ್ ಉತ್ತರಿಸಿದ.

303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಚರ್ಚುಗಳನ್ನು ಕೆಡವಲು ಆಜ್ಞೆ ಮಾಡಿದಾಗ ಮೊದಲು ಬಿದ್ದದ್ದು ಈಗಿನ ಟರ್ಕಿಯಲ್ಲಿದ್ದ ಅವನ ರಾಜಧಾನಿ ನಿಕೊಮೀಡಿಯದ ಚರ್ಚ್. ಅದು ಅರಮನೆಯಿಂದ ಕಣ್ಣಿಗೆ ಕಾಣುವಂತೆ ದಿಬ್ಬದ ಮೇಲಿತ್ತು. ಕಾನ್‌ಸ್ಟಂಟೈನ್ ಮಿಲಾನ್‌ನಲ್ಲಿ ಕ್ರೈಸ್ತರಿಗೆ ಧರ್ಮಸ್ವಾತಂತ್ರ್ಯ ಕೊಡುವ ಒಪ್ಪಂದ ಮಾಡಿಕೊಂಡದ್ದು ಆಮೇಲೆ, 313ರಲ್ಲಿ. ಅವನಿಂದ ಚರ್ಚಿಗೆ ಹಣ, ಭೂಮಿ, ಅಧಿಕಾರ ಬಂತು ನಿಜ. ಜನ ಮಾತ್ರ ಮೊದಲೇ ಬಂದಿದ್ದರು.

ಪ್ರಶ್ನೆ: ಅಷ್ಟು ಹಿಂಸೆ ಇದ್ದರೂ ಜನ ಯಾಕೆ ಸೇರುತ್ತಿದ್ದರು?
– ಓದುಗರು, ಕುಂದಾಪುರ

ಉತ್ತರ: ಹಿಂಸೆ ದಿನಾ ಇರಲಿಲ್ಲ. 64ರಲ್ಲಿ ಚಕ್ರವರ್ತಿ ನೀರೊ ನಡೆಸಿದ್ದು ರೋಮ್ ನಗರದಲ್ಲಿ. ಸಾಮ್ರಾಜ್ಯದ ತುಂಬ ಬಿಸಿ ಮುಟ್ಟಿದ್ದು 250ರಲ್ಲಿ, ಚಕ್ರವರ್ತಿ ಡೀಷಿಯಸ್ ಕಾಲಕ್ಕೆ. ದೇವರುಗಳಿಗೆ ಬಲಿ ಕೊಟ್ಟೆ ಅಂತ ಪ್ರತಿಯೊಬ್ಬರೂ ಸರ್ಟಿಫಿಕೇಟ್ ತಗೋಬೇಕಿತ್ತು. ಅಂಥ ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಬಹಳ ಜನ ಹೆದರಿ ಬಲಿ ಕೊಟ್ಟರು. ಅವರನ್ನು ವಾಪಸ್ ಸೇರಿಸಬೇಕಾ ಬೇಡವಾ ಅಂತ ಚರ್ಚಿನೊಳಗೇ ದೊಡ್ಡ ಜಗಳವಾಯಿತು.

ಸೇರಲು ಕಾರಣ ಹಲವು. ನನ್ನ ಮಟ್ಟಿಗೆ ದೊಡ್ಡದು ಆಸರೆ. ರೋಮ್ ಚರ್ಚಿನ ಬಿಷಪ್ ಕಾರ್ನೇಲಿಯಸ್ 251ರ ಸುಮಾರಿನ ಒಂದು ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾನೆ: 46 ಹಿರಿಯ ಪಾದ್ರಿಗಳು, ಸೇವೆಯ ಹೊಣೆ ಹೊತ್ತ 7 ಡೀಕನ್‌ಗಳು, ಚರ್ಚೇ ನೋಡಿಕೊಳ್ಳುತ್ತಿದ್ದ ವಿಧವೆಯರು ಮತ್ತು ಬಡವರು 1,500ಕ್ಕೂ ಜಾಸ್ತಿ. ಸರ್ಕಾರದಿಂದ ಪಿಂಚಣಿ ಇಲ್ಲದ ಆ ಕಾಲದಲ್ಲಿ, ಗಂಡ ಸತ್ತ ಹೆಂಗಸಿಗೆ ಇದು ಸಣ್ಣ ಮಾತಲ್ಲ, ಅಲ್ವಾ?