ಟ್ಯಾಂಕ್ ಮಾರಬೇಡಿ, ಮೊದಲು ಉಪ್ಪು ಅಳೆಯಿರಿ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕಿದ ಹವಳ ಮೂರನೇ ಸಲ ಮುದುಡಿತು, ಟ್ಯಾಂಕ್ ಮಾರಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ನಿಮ್ಮ ಬೇಜಾರು ನನಗೆ ಗೊತ್ತು, ನಾನೂ ಕಾಸರಗೋಡಿನವನೇ. ಒಂದು ಜುಲೈಯಲ್ಲಿ ಚಂದ್ರಗಿರಿ ಹೊಳೆಯ ಅಳಿವೆಯ ಹತ್ತಿರದಿಂದ ಸಮುದ್ರದ ನೀರು ತಂದು ಹಾಕಿದ್ದೆ. ಬೆಳಗಾಗುವಷ್ಟರಲ್ಲಿ ಹವಳದ ಪುಟ್ಟ ಜೀವಿಗಳಾದ ಪಾಲಿಪ್‌ಗಳೆಲ್ಲ ಮೊಗ್ಗಿನ ಹಾಗೆ ಮುಚ್ಚಿಕೊಂಡಿದ್ದವು. ಅಳೆದರೆ ನೀರಿನ ಸಾಂದ್ರತೆ (ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ) 1.018! ಬೇಕಾದ್ದು 1.025. ಮಳೆಗಾಲದ ಹೊಳೆನೀರು ಬೆರೆತಿತ್ತು, ಅಷ್ಟೇ. ನಿಧಾನವಾಗಿ ಸರಿಮಾಡಿದ ಮೇಲೆ ಹೆಚ್ಚಿನ ಹವಳಗಳು ಮತ್ತೆ ಅರಳಿದವು.

ಬೇಸಿಗೆಯಲ್ಲಿ ಇದರ ಉಲ್ಟಾ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಇಳಿದಷ್ಟಕ್ಕೆ ಆರ್‌ಓ ಸಿಹಿನೀರೇ ಹಾಕಿ. ದಿನಾ ಅಳೆದು ಬರೆದಿಡಿ, ಸುಮ್ನೆ ಔಷಧಿ ಸುರಿಯಬೇಡಿ. ಕ್ಲೌನ್ ಮೀನು ಚೆನ್ನಾಗಿ ತಿನ್ನುತ್ತಿದೆ ಅಂದಿರಲ್ವಾ, ಅದು ಒಳ್ಳೆಯ ಲಕ್ಷಣ. ಅಳತೆ ಬಂದ ಮೇಲೆ ಬರೆಯಿರಿ, ಒಟ್ಟಿಗೆ ನೋಡೋಣ.