ಮೊಳಕೆ ರಾಗಿಯ ಗಂಜಿ ನೀರಾಗುವುದೇಕೆ? ಕಿಣ್ವ ಅಲ್ಲಿ ಮಾಡುವುದೇನು?

ನಿಮ್ಮ ಪ್ರಶ್ನೆ ಇಷ್ಟು: ಮಾಮೂಲಿ ರಾಗಿ ಹಿಟ್ಟಿನ ಗಂಜಿ ಗಟ್ಟಿಯಾಗುತ್ತದೆ, ಅದೇ ಅಳತೆಯಲ್ಲಿ ಮೊಳಕೆ ರಾಗಿ ಹಿಟ್ಟು ಹಾಕಿದರೆ ನೀರು ನೀರಾಗುತ್ತದೆ, ಅದರಲ್ಲಿ ಮುದ್ದೆಯಂತೂ ಕೂಡುವುದೇ ಇಲ್ಲ. ಎಲ್ಲರೂ ‘ಕಿಣ್ವ’ ಅನ್ನುತ್ತಾರೆ. ಆ ಕಿಣ್ವ ನಿಜವಾಗಿ ಏನು ಮಾಡುತ್ತದೆ?

ಹಿಟ್ಟು ಕೆಟ್ಟಿಲ್ಲ, ಕಲಬೆರಕೆಯೂ ಅಲ್ಲ. ಕಿಣ್ವ ತನ್ನ ಕೆಲಸ ಮಾಡಿದೆ, ಅಷ್ಟೇ. ಅದನ್ನು ಯಾವ ಬಿಸಿಯಲ್ಲಿ ಎಷ್ಟು ಹೊತ್ತು ದುಡಿಯಲು ಬಿಟ್ಟಿರಿ ಎನ್ನುವುದರ ಮೇಲೆ ಗಂಜಿಯ ಹದ ನಿಂತಿದೆ.

ಮೊದಲು ಗಂಜಿ ಗಟ್ಟಿಯಾಗುವುದು ಹೇಗೆ ನೋಡಿ. ಪಿಷ್ಟವೆಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಹೆಚ್ಚುಕಡಿಮೆ ನೇರವಾಗಿರುವುದು ಅಮೈಲೋಸ್, ಕವಲೊಡೆದದ್ದು ಅಮೈಲೋಪೆಕ್ಟಿನ್. ಹಸಿ ಹಿಟ್ಟಿನಲ್ಲಿ ಈ ಸರಗಳು ಸಣ್ಣ ಕಣಗಳೊಳಗೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ, ಆದ್ದರಿಂದ ತಣ್ಣೀರಿನಲ್ಲಿ ಕದಡಿದರೆ ತಳಕ್ಕೆ ಇಳಿಯುತ್ತವೆ. ಸುಮಾರು 65 ಡಿಗ್ರಿ ದಾಟುತ್ತಿದ್ದಂತೆ ಕಣಗಳು ನೀರು ಕುಡಿದು ಉಬ್ಬುತ್ತವೆ, ಸರಗಳು ಬಿಚ್ಚಿ ಒಂದಕ್ಕೊಂದು ತೊಡರಿ ನೀರನ್ನೆಲ್ಲ ಹಿಡಿದು ನಿಲ್ಲಿಸುತ್ತವೆ. ಸರ ಉದ್ದವಿದ್ದಷ್ಟೂ ತೊಡಕು ಜಾಸ್ತಿ.

ಮೊಳಕೆ ಹಿಟ್ಟಿನಲ್ಲಿರುವ ಆಲ್ಫಾ ಅಮೈಲೇಸ್ ಎಂಬ ಕಿಣ್ವ ಈ ಸರವನ್ನು ನಡುನಡುವೆ ಕತ್ತರಿಸುತ್ತದೆ. 1000 ಮಣಿಗಳ ಸರಕ್ಕೆ 9 ಕಡೆ ಕತ್ತರಿ ಬಿದ್ದರೆ ಸಾಕು, ನೂರು ನೂರು ಮಣಿಗಳ 10 ತುಂಡು. ಮುರಿದದ್ದು ಶೇಕಡಾ 1ಕ್ಕಿಂತ ಕಡಿಮೆ ಕೊಂಡಿ, ತೊಡಕು ಮಾತ್ರ ಪೂರ್ತಿ ಸಡಿಲ. ಗಂಜಿ ಕೆಲವೇ ನಿಮಿಷಗಳಲ್ಲಿ ತೆಳುವಾದರೂ ಅಷ್ಟು ಬೇಗ ಸಿಹಿಯಾಗದಿರುವುದು ಇದಕ್ಕೇ. ಸಿಹಿ ಬರಬೇಕಾದರೆ ಸರದ ತುದಿಯಿಂದ ಎರಡೆರಡೇ ಮಣಿ ಕಿತ್ತು ಮಾಲ್ಟೋಸ್ ಮಾಡುವ ಬೀಟಾ ಅಮೈಲೇಸ್ ಕೂಡ ದುಡಿಯಬೇಕು. ತೆಳುವಾಗುವುದು ಬೇರೆ, ಸಿಹಿಯಾಗುವುದು ಬೇರೆ. ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಇನ್ನು ಕತ್ತರಿಸುವ ಬಗೆ. ಆಲ್ಫಾ ಅಮೈಲೇಸ್ ಒಂದು ಪ್ರೋಟೀನ್. ಧಾನ್ಯಗಳಲ್ಲಿ ಇದು 400ಕ್ಕೂ ತುಸು ಹೆಚ್ಚು ಅಮೈನೋ ಆಮ್ಲಗಳ ದಾರ, ಮಡಚಿಕೊಂಡು ಉಂಡೆಯಾಗಿರುತ್ತದೆ. ಉಂಡೆಯ ಮೈಮೇಲೆ ಒಂದು ಉದ್ದನೆಯ ಸೀಳು. ಪಿಷ್ಟದ ಸರ ಆ ಸೀಳಿನಲ್ಲಿ ಮಲಗುತ್ತದೆ. ಸೀಳಿನ ತಳದಲ್ಲಿ ಮೂರು ಆಮ್ಲೀಯ ಅಮೈನೋ ಆಮ್ಲಗಳು ಕಾದಿರುತ್ತವೆ: ಎರಡು ಆಸ್ಪಾರ್ಟಿಕ್, ಒಂದು ಗ್ಲುಟಾಮಿಕ್. ಗ್ಲುಟಾಮಿಕ್ ಆಮ್ಲ ಎರಡು ಮಣಿಗಳ ನಡುವಿನ ಆಮ್ಲಜನಕಕ್ಕೆ ಒಂದು ಪ್ರೋಟಾನ್ ಕೊಟ್ಟು ಕೊಂಡಿಯನ್ನು ಸಡಿಲಿಸುತ್ತದೆ, ಒಂದು ಆಸ್ಪಾರ್ಟಿಕ್ ಆಮ್ಲ ಮುರಿದ ತುದಿಯನ್ನು ತಾತ್ಕಾಲಿಕವಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ನೀರಿನ ಒಂದು ಅಣು ಬಂದು ಆ ತುದಿಯನ್ನು ಬಿಡಿಸುತ್ತದೆ. ಇನ್ನೊಂದು ಆಸ್ಪಾರ್ಟಿಕ್ ಆಮ್ಲ ಸಕ್ಕರೆಯ ಉಂಗುರ ತುಸು ತಿರುಚಿದ ಭಂಗಿಯಲ್ಲಿ ನಿಲ್ಲಲು ಆಸರೆ. ಕಿಣ್ವ ಮೊದಲಿದ್ದಂತೆಯೇ ಉಳಿದು ಮುಂದಿನ ಕೊಂಡಿಗೆ ಹೋಗುತ್ತದೆ. ಅಡಕತ್ತರಿ ಅಡಕೆಯನ್ನು ಹೋಳು ಮಾಡಿ ತಾನು ಸವೆಯದೆ ಉಳಿಯುವ ಹಾಗೆ. ಒಂದು ಸಲಕ್ಕೆ ಒಂದೇ ಅಡಕೆ ಎಂಬ ಮಿತಿಯೂ ಹಾಗೇ ಇದೆ: ಎಲ್ಲ ಸೀಳುಗಳೂ ತುಂಬಿದ ಮೇಲೆ ಪಿಷ್ಟ ಎಷ್ಟು ಸುರಿದರೂ ವೇಗ ಏರದು. 1913ರಲ್ಲಿ ಮೈಕೆಲಿಸ್ ಮತ್ತು ಮೆಂಟೆನ್ ಎಂಬ ವಿಜ್ಞಾನಿಗಳು ಸಮೀಕರಣದಲ್ಲಿ ಕೂರಿಸಿದ್ದು ಇದನ್ನೇ.

ಆಗದ ಕೆಲಸವನ್ನು ಕಿಣ್ವ ಆಗಿಸುವುದಿಲ್ಲ. ನೀರು ತಾನಾಗಿಯೇ ಈ ಕೊಂಡಿಯನ್ನು ಮುರಿಯಬಲ್ಲದು, ಆದರೆ ಅದಕ್ಕೆ ಬೇಕಾದ ಕಾಲವನ್ನು ಲಕ್ಷಾಂತರ ವರ್ಷಗಳಲ್ಲಿ ಎಣಿಸಬೇಕು. ನಡುವೆ ದಾಟಬೇಕಾದ ಶಕ್ತಿಯ ದಿಣ್ಣೆಯನ್ನು ಕಿಣ್ವ ತಗ್ಗಿಸುತ್ತದೆ. ಅಂದಹಾಗೆ, ಕಿಣ್ವವೊಂದನ್ನು ಮೊದಲು ಬೇರ್ಪಡಿಸಿದ್ದೂ ಮೊಳಕೆ ಧಾನ್ಯದಿಂದಲೇ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ ಮೊಳೆತ ಬಾರ್ಲಿಯಿಂದ ತೆಗೆದು ‘ಡಯಾಸ್ಟೇಸ್’ ಎಂದು ಹೆಸರಿಟ್ಟರು. ಬಹುತೇಕ ಕಿಣ್ವಗಳ ಹೆಸರಿಗೆ ‘ಏಸ್’ ಬಾಲ ಅಲ್ಲಿಂದ ಬಂತು.

ಒಣ ರಾಗಿಯಲ್ಲಿ ಅಮೈಲೇಸ್ ತೀರಾ ಕಡಿಮೆ. ಕಾಳು ನೆನೆದು ಭ್ರೂಣ ಎಚ್ಚೆತ್ತಾಗ ಜಿಬ್ಬರೆಲಿನ್ ಎಂಬ ಹಾರ್ಮೋನ್ ಹೊರಟು ಪಿಷ್ಟದ ಸುತ್ತಲಿನ ತೆಳು ಪದರಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ಪದರ ಅಮೈಲೇಸ್ ತಯಾರಿಸಿ ಒಳಕ್ಕೆ ಬಿಡುತ್ತದೆ. ಮೊಳಕೆಗೆ ಊಟ ಬೇಕಲ್ಲ! ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ತೆನೆಯಲ್ಲೇ ಮೊಳೆತ ರಾಗಿಯ ಹಿಟ್ಟು ಮುದ್ದೆಗೆ ಬಾರದಿರುವುದಕ್ಕೂ ಇದೇ ಕಾರಣ.

ಈಗ ಬಿಸಿಯ ವಿಷಯ. ಪಿಷ್ಟ ಬಿಚ್ಚಿಕೊಳ್ಳಲು 65 ಡಿಗ್ರಿಯಾದರೂ ಬೇಕು, ಒದ್ದೆ ಆಲ್ಫಾ ಅಮೈಲೇಸ್ 80ರ ಆಸುಪಾಸಿನಲ್ಲಿ ಬೇಗ ಮಡಿಕೆ ಬಿಚ್ಚಿ ಕೈಬಿಡುತ್ತದೆ. ಬೀಟಾ ಅಮೈಲೇಸ್ ಇನ್ನೂ ನಾಜೂಕು, 65 ದಾಟಿದರೆ ಕುಗ್ಗುತ್ತದೆ. ಕೆಲಸ ನಡೆಯುವುದೆಲ್ಲ ಈ ಕಿರಿದಾದ ಕಿಂಡಿಯಲ್ಲಿ. ಗಂಜಿ ತೆಳುವಾಗಿ ಬೇಕಾದರೆ 100 ಮಿಲಿ ತಣ್ಣೀರಿಗೆ 15 ಗ್ರಾಂ ಮೊಳಕೆ ಹಿಟ್ಟು ಕದಡಿ, ಸಣ್ಣ ಉರಿಯಲ್ಲಿ 65ರಿಂದ 70 ಡಿಗ್ರಿಗೆ ತಂದು 10 ನಿಮಿಷ ಅಲ್ಲೇ ನಿಲ್ಲಿಸಿ, ಆಮೇಲೆ ಚೆನ್ನಾಗಿ ಕುದಿಸಿ. ಮಾಮೂಲಿ ಹಿಟ್ಟು ಇದೇ ಅಳತೆಯಲ್ಲಿ ಚಮಚಕ್ಕೆ ಅಂಟಿ ನಿಲ್ಲುತ್ತದೆ. ಅದೇ ಮೊಳಕೆ ಹಿಟ್ಟನ್ನು ಕುದಿಯುವ ನೀರಿಗೆ ಸ್ವಲ್ಪಸ್ವಲ್ಪವೇ ಸುರಿದು ತಿರುವಿದರೆ ಕಿಂಡಿ ಕ್ಷಣದಲ್ಲಿ ದಾಟಿಹೋಗಿ ಗಂಜಿ ಗಟ್ಟಿಯಾಗೇ ಉಳಿಯಬಹುದು.

ಹಾಗಾದರೆ ಮುದ್ದೆಗೂ ಕುದಿನೀರೇ ತಾನೇ? ಹೌದು, ಆದರೆ ಹಿಟ್ಟು ಗುಡ್ಡೆಯಾಗಿ ಬೀಳುತ್ತದೆ. ಗುಡ್ಡೆಯ ಹೊರಮೈ ಬೆಂದರೂ ನಡುವಿನ ಹಿಟ್ಟು ನಿಧಾನಕ್ಕೆ ಬಿಸಿಯಾಗಿ 60–75ರ ನಡುವೆ ಹಲವು ನಿಮಿಷ ಕಳೆಯುತ್ತದೆ. ಕಿಣ್ವಕ್ಕೆ ಅಷ್ಟು ಧಾರಾಳ ಸಾಕು. ಮುದ್ದೆಕೋಲಲ್ಲಿ ತಿರುವುವ ಹೊತ್ತಿಗೆ ಸರಗಳು ತುಂಡಾಗಿ ಅಂಟಂಟಾಗಿರುತ್ತವೆ. ಮುದ್ದೆಗೆ ಮೊಳಕೆ ಹಿಟ್ಟೂ ಸೇರಬೇಕೆಂದಿದ್ದರೆ ಮಾಮೂಲಿ ಹಿಟ್ಟಿಗೆ ಅದನ್ನು ನಾಲ್ಕನೇ ಒಂದು ಪಾಲು ಬೆರೆಸುವುದೂ ಜಾಸ್ತಿಯೇ. ಗಟ್ಟಿ ಗಂಜಿಯನ್ನು ಸಡಿಲಿಸಲು ಒಂದು ಚಮಚ ಮೊಳಕೆ ಹಿಟ್ಟು ಸಾಕಾಗುತ್ತದೆ, ಅದನ್ನು ನೆನಪಿಡಿ. ಮಗುವಿನ ರಾಗಿ ಸರಿಗೆ ಮಾತ್ರ ಇದೇ ವರ: ಹೆಚ್ಚು ಹಿಟ್ಟು ಹಾಕಿಯೂ ನುಂಗುವಷ್ಟು ತೆಳುವಾಗಿರುತ್ತದೆ, ಪುಟ್ಟ ಹೊಟ್ಟೆಗೆ ಒಂದೇ ಬಟ್ಟಲಿನಲ್ಲಿ ಹೆಚ್ಚು ಶಕ್ತಿ ಸೇರುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇಂಥ ಮಕ್ಕಳ ಆಹಾರಕ್ಕಾಗಿಯೂ ರಾಗಿ ಮಾಲ್ಟ್ ಕುರಿತು ಅಧ್ಯಯನ ಮಾಡಿದೆ.

ಮೊಳಕೆ ಕಟ್ಟುವಾಗ ರಾಗಿಯನ್ನು 12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಬಸಿದು ಬಟ್ಟೆಯಲ್ಲಿ ಕಟ್ಟಿ 24ರಿಂದ 48 ಗಂಟೆ ಇಡಿ. ಗಂಟು ಒದ್ದೆ ಮುದ್ದೆಯಾಗಿದ್ದರೆ ಗಾಳಿಯಾಡದೆ ಒಳಗೆ ಕಾವು ಏರಿ ಬೂಸಲು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ಹುರಿದು ಸರಿಮಾಡುವ ಯೋಚನೆ ಬೇಡ, ಚೆಲ್ಲಿ. ಚೆನ್ನಾಗಿ ಒಣಗಿದ ಮೇಲೆ ಬೇರು ಉಜ್ಜಿ ತೂರಿ, ಘಮ ಬರುವಷ್ಟೇ ಹದವಾಗಿ ಬೆಚ್ಚಗೆ ಮಾಡಿ. ಒಣ ಕಿಣ್ವ ಒದ್ದೆ ಕಿಣ್ವಕ್ಕಿಂತ ಹೆಚ್ಚು ಬಿಸಿ ತಡೆಯುತ್ತದೆ, ಆದರೆ ಹುರಿಹಿಟ್ಟಿನ ಹಾಗೆ ಚಟಪಟ ಅನ್ನಿಸಿದರೆ ಅದೂ ಹೋಯಿತು. ಒಂದು ಕಡೆಯ ಮೊಳಕೆ ಹಿಟ್ಟು ತೆಳುವಾಗಿ, ಇನ್ನೊಂದು ಕಡೆಯದು ಗಟ್ಟಿಯಾಗಿ ಬರುವ ಗುಟ್ಟು ಬಹುತೇಕ ಇಲ್ಲೇ ಇದೆ.

‘ಮೊಳಕೆಯ ಕಿಣ್ವ ಹೊಟ್ಟೆಯೊಳಗೆ ಹೋಗಿ ಜೀರ್ಣ ಮಾಡುತ್ತದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕುದಿಸಿದ ಗಂಜಿಯಲ್ಲಿ ಅದು ಉಳಿದೇ ಇರುವುದಿಲ್ಲ. ಹಸಿಯಾಗಿ ತಿಂದರೂ ಜಠರದ ಆಮ್ಲ ಮತ್ತು ಪೆಪ್ಸಿನ್ ಅದನ್ನು ಬೇರೆ ಪ್ರೋಟೀನಿನಂತೆಯೇ ಒಡೆಯುತ್ತವೆ. ಲಾಭವೆಲ್ಲ ಮೊಳಕೆಯ ಗಂಟಿನಲ್ಲಿ ಮತ್ತು ಪಾತ್ರೆಯಲ್ಲಿ ಆಗಿಹೋದ ಕೆಲಸದ್ದು. ಇನ್ನೊಂದು ಸ್ವಾರಸ್ಯ: ರಾಗಿಯಲ್ಲೇ ಕೀಟ ಮತ್ತು ಪ್ರಾಣಿಗಳ ಅಮೈಲೇಸಿನ ಸೀಳಿಗೆ ಬಿರಡೆ ಹಾಕುವ 122 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಇದೆ, ಅದೇ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನೂ ತಡೆಯುತ್ತದೆ.

ಕಿಣ್ವದ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ರಾಗಿಯ ಬಣ್ಣ ಅಡ್ಡಿ. 100 ಮಿಲಿ ನೀರಲ್ಲಿ 1 ಗ್ರಾಂ ಮೆಕ್ಕೆಜೋಳದ ಪಿಷ್ಟ ಕುದಿಸಿ, 60 ಡಿಗ್ರಿಗೆ ಆರಿಸಿ, ಎರಡು ಲೋಟಕ್ಕೆ ಸುರಿಯಿರಿ. ಚಿಟಿಕೆ ಮೊಳಕೆ ಹಿಟ್ಟನ್ನು ಒಂದಕ್ಕೆ ಹಾಗೇ ಹಾಕಿ. ಇನ್ನೊಂದಕ್ಕೆ ಅಷ್ಟೇ ಹಿಟ್ಟನ್ನು ಚಮಚ ನೀರಲ್ಲಿ 10 ನಿಮಿಷ ಕುದಿಸಿ ಹಾಕಿ. ಅರ್ಧ ಗಂಟೆ ಎರಡನ್ನೂ ಬಿಸಿನೀರಲ್ಲಿ ಇಟ್ಟು, ಪೂರ್ತಿ ತಣಿದ ಮೇಲೆ ಎರಡೆರಡು ಹನಿ ಅಯೋಡಿನ್ ದ್ರಾವಣ ಬಿಡಿ. ಕುದಿಸಿದ ಹಿಟ್ಟಿನ ಲೋಟ ಪಿಷ್ಟ ಹಾಗೇ ಉಳಿದಿರುವುದರಿಂದ ಕಡು ನೀಲಿಯಾಗುತ್ತದೆ, ಇನ್ನೊಂದು ಕಂದಾಗಿಯೋ ಹಳದಿಯಾಗಿಯೋ ಉಳಿಯುತ್ತದೆ. ಬಿಸಿಯಿರುವಾಗಲೇ ಹಾಕಿದರೆ ಪಿಷ್ಟವಿದ್ದರೂ ನೀಲಿ ಕಾಣದು, ನಿಂಬೆರಸ ಸೋಕಿದರೂ ಬಣ್ಣ ಹೋಗುತ್ತದೆ. ಎರಡೂ ಲೋಟವನ್ನು ಕೊನೆಗೆ ಚೆಲ್ಲಿ, ಯಾರೂ ಕುಡಿಯದಂತೆ ನೋಡಿಕೊಳ್ಳಿ.